‘ವಾಕಿಂಗ್ ಮಾಡಿ’ ಎಂದರೆ ಚಿಕಿತ್ಸೆಯಲ್ಲ

ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿನಲ್ಲಿ ತೀರಿಕೊಂಡಾಗ ಜನ ಜಿಮ್ಮನ್ನು ಅಪರಾಧಿ ಮಾಡಿದರು. 2025ರಲ್ಲಿ ಹಾಸನದ ಹೃದಯಾಘಾತದ ಸಾವುಗಳು ಸುದ್ದಿಯಾದಾಗ ಕೋವಿಡ್ ಲಸಿಕೆಯ ಮೇಲೆ ಗುಮಾನಿ ಬಿತ್ತು, ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲು ಬೆಳೆಯಿತು. ಸರ್ಕಾರ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಮಾಡಿತು, ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆಯನ್ನು ಎಲ್ಲ ತಾಲೂಕು ಆಸ್ಪತ್ರೆಗಳಿಗೆ ವಿಸ್ತರಿಸುವುದಾಗಿ ಹೇಳಿತು. ಎದೆನೋವೆಂದು ಬಂದವರಿಗೆ ಅಲ್ಲಿಯೇ ಇಸಿಜಿ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಉಚಿತ. ಜೀವ ಉಳಿಸುವ ಯೋಜನೆ ಇದು, ಬೇಕೇ ಬೇಕು.

ನನ್ನ ತಕರಾರು ಇರುವುದು ಬದುಕಿ ಮನೆಗೆ ಬಂದವರ ಬಗ್ಗೆ. ಗಂಗೊಳ್ಳಿಯ ಮೀನುಗಾರರೊಬ್ಬರಿಗೆ ಸ್ಟೆಂಟ್ ಹಾಕಿ ಕಳಿಸಿದ್ದಾರೆ ಎಂದಿಟ್ಟುಕೊಳ್ಳಿ. ಚೀಟಿಯಲ್ಲಿ ಐದಾರು ಮಾತ್ರೆ, ಪ್ರತಿಯೊಂದಕ್ಕೂ ಮಿಲಿಗ್ರಾಂ ಲೆಕ್ಕ, ಊಟಕ್ಕೆ ಮೊದಲೋ ನಂತರವೋ ಎಂಬ ಸೂಚನೆ. ವ್ಯಾಯಾಮಕ್ಕೆ ಮಾತ್ರ ಬಾಯಿಮಾತು: ‘ಸ್ವಲ್ಪ ವಾಕಿಂಗ್ ಮಾಡಿ, ಭಾರ ಎತ್ತಬೇಡಿ.’ ಎಷ್ಟು ದೂರ? ಯಾವ ವೇಗ? ಮತ್ತೆ ಬಲೆ ಎಳೆಯುವುದು ಯಾವಾಗ? ಹೇಳುವವರಿಲ್ಲ. ಹೆದರಿದವರು ಜಗಲಿ ಬಿಟ್ಟು ಏಳುವುದಿಲ್ಲ. ಸಾಲದ ಕಂತು ಇರುವವರು ಮೂರನೇ ವಾರಕ್ಕೇ ಕಡಲಿಗಿಳಿಯುತ್ತಾರೆ. ಇಬ್ಬರಿಗೂ ಅನ್ಯಾಯವಾಗಿದೆ.

ಈ ಪ್ರಶ್ನೆಗಳಿಗೆ ಉತ್ತರಿಸುವುದೇ ಎಕ್ಸರ್‌ಸೈಜ್ ಫಿಸಿಯಾಲಜಿಸ್ಟ್, ಅಂದರೆ ವ್ಯಾಯಾಮ ಶರೀರಕ್ರಿಯಾ ತಜ್ಞರ ಕೆಲಸ. ಆರು ನಿಮಿಷದಲ್ಲಿ ರೋಗಿ ಎಷ್ಟು ಮೀಟರ್ ನಡೆಯಬಲ್ಲರು, ಆಗ ನಾಡಿ, ಬಿಪಿ, ಉಸಿರು ಹೇಗಿರುತ್ತವೆ ಎಂದು ಅಳೆದು, ವಾರವಾರಕ್ಕೂ ಪ್ರಮಾಣ ಏರಿಸುತ್ತಾರೆ. ಬೀಟಾ ಬ್ಲಾಕರ್ ಮಾತ್ರೆ ತಿನ್ನುವವರ ನಾಡಿ ಏರುವುದೇ ಕಡಿಮೆ, ಆದ್ದರಿಂದ ನಾಡಿಯೊಂದನ್ನೇ ನಂಬುವ ಹಾಗಿಲ್ಲ ಎಂಬುದು ಅವರಿಗೆ ಗೊತ್ತು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ವ್ಯಾಯಾಮದ ನಡುವೆ ಸಕ್ಕರೆ ಕುಸಿಯಬಹುದು. ಮಧುಮೇಹದಿಂದ ಕಣ್ಣಿನ ಒಳಪದರ ತೀರಾ ಹಾಳಾದವರು ಉಸಿರು ಬಿಗಿಹಿಡಿದು ಭಾರ ಎತ್ತಿದರೆ ಅಲ್ಲಿ ರಕ್ತ ಸೋರಬಹುದು. ಪಾದದ ಸ್ಪರ್ಶ ಹೋದವರು ಬರಿಗಾಲಲ್ಲಿ ನಡೆದರೆ ಗಾಯವಾದದ್ದೂ ತಿಳಿಯದು. ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ವೈದ್ಯರು ಇಷ್ಟೆಲ್ಲ ವಿವರಿಸಲಿ ಎಂದು ನಿರೀಕ್ಷಿಸುವುದು ತಪ್ಪು.

‘ದಿನಾ ದುಡೂದೇ ಅಲ್ದಾ, ಇನ್ನೆಂತ ವ್ಯಾಯಾಮ?’ ಎಂದು ನಮ್ಮವರು ಕೇಳುತ್ತಾರೆ. ಗೇರುಬೀಜ ಕಾರ್ಖಾನೆಯಲ್ಲಿ ದಿನವಿಡೀ ಕೂತು ಬೀಜ ಸುಲಿಯುವ ಹೆಂಗಸಿಗೆ ದಣಿವು ಖಂಡಿತ ಇದೆ, ಹೃದಯಕ್ಕೆ ಬೇಕಾದ ಚಲನೆ ಇಲ್ಲ. ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳಲ್ಲಿ ದಿನವಿಡೀ ಕೂರುವ ಚಾಲಕರಿಗಿಂತ ಮೆಟ್ಟಿಲು ಹತ್ತಿಳಿಯುವ ನಿರ್ವಾಹಕರಿಗೆ ಹೃದ್ರೋಗ ಕಡಿಮೆ ಎಂದು ಜೆರ್ರಿ ಮಾರಿಸ್ 1953ರಲ್ಲೇ ತೋರಿಸಿದ್ದರು. ನಮ್ಮದೇ ದೇಶದ ಲೆಕ್ಕ ಬೇಕೆಂದರೆ, ಚೆನ್ನೈನ ಡಾ. ಎ. ರಾಮಚಂದ್ರನ್ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನವಿದೆ: ಮಧುಮೇಹದ ಅಂಚಿನಲ್ಲಿದ್ದವರಲ್ಲಿ ಆಹಾರ ಮತ್ತು ನಡಿಗೆಯ ಶಿಸ್ತು ರೋಗದ ಅಪಾಯವನ್ನು ಶೇ 28.5ರಷ್ಟು ತಗ್ಗಿಸಿತು, ಮೆಟ್‌ಫಾರ್ಮಿನ್ ಮಾತ್ರೆ ಶೇ 26.4ರಷ್ಟು. ಮಾತ್ರೆಯಷ್ಟೇ ಕೆಲಸ ಮಾಡುವ ಮದ್ದನ್ನು ಕೊಡಲು ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಒಂದು ಹುದ್ದೆಯೂ ಇಲ್ಲ.

ಯಾಕಿಲ್ಲ? ಆರೋಗ್ಯ ಸಂಬಂಧಿ ವೃತ್ತಿಗಳಿಗೆಂದೇ 2021ರಲ್ಲಿ ಕೇಂದ್ರ ಕಾನೂನು ಬಂತು. ಫಿಸಿಯೋಥೆರಪಿ, ಆಹಾರ ತಜ್ಞತೆ, ಡಯಾಲಿಸಿಸ್ ಎಲ್ಲ ಅದರ ಪಟ್ಟಿಯಲ್ಲಿವೆ. ವ್ಯಾಯಾಮ ತಜ್ಞರ ವೃತ್ತಿಗೆ ಪ್ರತ್ಯೇಕ ಜಾಗ ಸಿಗಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಫಿಸಿಯೋಥೆರಪಿಸ್ಟರು ಹೆಸರಿನ ಹಿಂದೆ ‘ಡಾ.’ ಬಳಸಬಾರದೆಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಪತ್ರ ಬರೆದು, ಮರುದಿನವೇ ಹಿಂತೆಗೆದುಕೊಂಡಿತು. ಹೆಸರಿನ ಹಿಂದಿನ ಒಂದಕ್ಷರಕ್ಕೆ ಇಷ್ಟು ಜಗಳವಾದ ಹೊತ್ತಲ್ಲಿ, ರೋಗಿಯ ವ್ಯಾಯಾಮಕ್ಕೆ ಯಾರು ಹೊಣೆ ಎಂದು ಯಾರೂ ಕೇಳಲಿಲ್ಲ. ಇದು ತಮ್ಮ ಕೆಲಸ ಎನ್ನುವ ಫಿಸಿಯೋಥೆರಪಿಸ್ಟರ ವಾದದಲ್ಲಿ ಸತ್ಯವಿದೆ. ಹೃದಯ-ಶ್ವಾಸಕೋಶ ವಿಭಾಗದಲ್ಲಿ ಪರಿಣತಿ ಪಡೆದವರು ಅವರಲ್ಲಿದ್ದಾರೆ. ಆದರೆ ಮೊಣಕಾಲು, ಸೊಂಟ, ಪಾರ್ಶ್ವವಾಯುವಿನ ರೋಗಿಗಳಿಂದಲೇ ಅವರ ದಿನ ತುಂಬಿಹೋಗುತ್ತದೆ. ಆಸ್ಟ್ರೇಲಿಯಾ 2006ರಿಂದಲೇ ವ್ಯಾಯಾಮ ತಜ್ಞರ ಸೇವೆಯನ್ನು ಮೆಡಿಕೇರ್ ವ್ಯಾಪ್ತಿಗೆ ತಂದಿದೆ. ಅಲ್ಲಿ ಫಿಸಿಯೋಥೆರಪಿಸ್ಟರೇನೂ ಮರೆಯಾಗಲಿಲ್ಲ. ಅಲ್ಪಾವಧಿ ಕೋರ್ಸು ಮುಗಿಸಿದ ಜಿಮ್ ತರಬೇತುದಾರರಿಗೆ ಮಾತ್ರ ಹೃದ್ರೋಗಿಗಳನ್ನು ಒಪ್ಪಿಸುವಂತಿಲ್ಲ. ಈ ವಿಷಯದಲ್ಲಿ ವೈದ್ಯರ ಎಚ್ಚರಿಕೆ ಸರಿಯಾಗಿಯೇ ಇದೆ.

ಕಲಿತವರ ಕೊರತೆಯೆಂಬ ನೆಪ ನಮ್ಮ ಉಡುಪಿ ಜಿಲ್ಲೆಯಲ್ಲಿ ನಡೆಯುವುದಿಲ್ಲ. ವ್ಯಾಯಾಮ ಮತ್ತು ಕ್ರೀಡಾ ವಿಜ್ಞಾನವನ್ನು ಮಣಿಪಾಲದಲ್ಲೇ ಕಲಿಸುತ್ತಾರೆ. ಬ್ರಹ್ಮಾವರದವರಿಗೆ ಅದು ಕೂಗಳತೆ. ಬೈಂದೂರಿನವರಿಗೆ ಎಪ್ಪತ್ತು ಕಿಲೋಮೀಟರ್ ಆಸುಪಾಸು, ಶಿರೂರಿನಿಂದ ಇನ್ನೂ ದೂರ. ಹೃದಯ ಪುನಶ್ಚೇತನವೆಂದರೆ ವಾರಕ್ಕೆ ಎರಡು ಮೂರು ಸಲದಂತೆ ತಿಂಗಳುಗಟ್ಟಲೆ ಹೋಗಬೇಕು. ಕೂಲಿ ಬಿಟ್ಟು, ಬಸ್ಸಿನ ದುಡ್ಡು ಕೊಟ್ಟು ಯಾರು ಹೋದಾರು?

ಆದ್ದರಿಂದ ಕುಂದಾಪುರದ ತಾಲೂಕು ಆಸ್ಪತ್ರೆಗೆ ಒಂದು ಹುದ್ದೆ ಕೊಡಿ. ಅದೇ ತಜ್ಞರು ವಾರದಲ್ಲಿ ಎರಡು ದಿನ ಬೈಂದೂರಿನ, ಎರಡು ದಿನ ಬ್ರಹ್ಮಾವರದ ಸರ್ಕಾರಿ ಆಸ್ಪತ್ರೆಗೆ ಹೋಗಲಿ, ವೈದ್ಯರು ಬರೆದುಕೊಟ್ಟ ರೋಗಿಗಳನ್ನು ನೋಡಲಿ. ಕೋಟಿ ರೂಪಾಯಿಯ ಕಟ್ಟಡ ಬೇಡ. ಮೂವತ್ತು ಮೀಟರ್ ಉದ್ದದ ವರಾಂಡ, ಬಿಪಿ ಯಂತ್ರ, ಆಕ್ಸಿಮೀಟರ್, ನಾಲ್ಕು ಕುರ್ಚಿ ಸಾಕು ಆರಂಭಕ್ಕೆ. ಎರಡು ಮೂರು ವರ್ಷ ಇಲ್ಲಿ ನಡೆಸಿ ಫಲ ನೋಡಿ, ಆಮೇಲೆ ರಾಜ್ಯಕ್ಕೆ ವಿಸ್ತರಿಸಲಿ. ಆಸ್ಪತ್ರೆಗಳ ಆರೋಗ್ಯ ರಕ್ಷಾ ಸಮಿತಿಗಳು ಮುಂದಿನ ಸಭೆಯಲ್ಲೇ ಈ ಬೇಡಿಕೆಯ ಠರಾವು ಮಾಡಿ ಆರೋಗ್ಯ ಇಲಾಖೆಗೆ ಕಳಿಸಬೇಕು. ಶಾಸಕರು ನಿಮ್ಮೂರಿಗೆ ಬಂದಾಗ ರಸ್ತೆ, ಸೇತುವೆಯ ಜೊತೆಗೆ ಇದನ್ನೂ ಕೇಳಿ.