ಸೂತ್ರದ ಹುಟ್ಟೂರು

ಹೂಳಿನ ಲೆಕ್ಕ ಕಲಿತ ಎಂಜಿನಿಯರುಗಳ ನಡುವೆ ಐನ್‌ಸ್ಟೈನ್ ಎಂಬ ಹೆಸರು ಬಂದರೆ ಅದು ಸಾಪೇಕ್ಷತಾ ಸಿದ್ಧಾಂತದ ಆಲ್ಬರ್ಟ್ ಅಲ್ಲ, ಅವರ ಹಿರಿಯ ಮಗ ಹಾನ್ಸ್ ಆಲ್ಬರ್ಟ್. 1904ರಲ್ಲಿ ಬರ್ನ್‌ನಲ್ಲಿ ಹುಟ್ಟಿದವರು. ಜ್ಯೂರಿಕ್‌ನಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿ, ಕೆಲವು ವರ್ಷ ಜರ್ಮನಿಯ ಡಾರ್ಟ್‌ಮಂಡ್‌ನಲ್ಲಿ ಉಕ್ಕಿನ ನಿರ್ಮಾಣಗಳ ವಿನ್ಯಾಸ ಮಾಡಿಕೊಂಡಿದ್ದರು. ಮತ್ತೆ ಜ್ಯೂರಿಕ್‌ಗೆ ಬಂದದ್ದು ಮೇಯರ್-ಪೀಟರ್ ಎಂಬ ಪ್ರಾಧ್ಯಾಪಕರು ಆಗಷ್ಟೇ ತೆರೆದಿದ್ದ ಜಲ ಪ್ರಯೋಗಾಲಯಕ್ಕೆ.

ಆ ಪ್ರಯೋಗಾಲಯದ ಬೆನ್ನಿಗೆ ಒಂದು ನಿಜವಾದ ನದಿ ಇತ್ತು. ಆಲ್ಪ್ಸ್‌ನಿಂದ ಇಳಿದು ಕಾನ್‌ಸ್ಟೆನ್ಸ್ ಸರೋವರ ಸೇರುವ ರೈನ್ ನದಿ ತಾನೇ ತಂದ ಜಲ್ಲಿಯನ್ನು ತನ್ನ ಪಾತ್ರದಲ್ಲೇ ಸುರಿದುಕೊಂಡು ವರ್ಷವರ್ಷಕ್ಕೂ ಮೇಲೇರುತ್ತಿತ್ತು. ಪಾತ್ರವನ್ನು ಕಿರಿದು ಮಾಡಿದರೆ ನೀರಿನ ಎಳೆತ ಹೆಚ್ಚಿ ಜಲ್ಲಿ ಮುಂದೆ ಸಾಗುತ್ತದೆ. ಆದರೆ ಎಷ್ಟು ಕಿರಿದು? ಸ್ವಿಟ್ಜರ್ಲೆಂಡ್ ಮತ್ತು ಆಸ್ಟ್ರಿಯಾಕ್ಕೆ ಬೇಕಾಗಿದ್ದುದು ಈ ಒಂದು ಉತ್ತರ.

ಅಲ್ಲಿಯವರೆಗಿನ ಲೆಕ್ಕಗಳು ಹೆಚ್ಚಾಗಿ ಒಂದು ಹೊಸ್ತಿಲನ್ನು ನಂಬಿದ್ದವು. ನೀರಿನ ಎಳೆತ ಇಷ್ಟು ದಾಟಿದರೆ ತಳ ಕದಲುತ್ತದೆ, ದಾಟದಿದ್ದರೆ ಇಲ್ಲ. ಹಾನ್ಸ್ ಆಲ್ಬರ್ಟ್ ಬಣ್ಣ ಹಚ್ಚಿದ ಕಲ್ಲುಗಳನ್ನು ಪ್ರಯೋಗದ ಕಾಲುವೆಗೆ ಹಾಕಿ ಒಂದೊಂದರ ನಡೆಯನ್ನು ಹಿಂಬಾಲಿಸಿದರು. ಕಲ್ಲು ಒಂದೇ ಸಮನೆ ಉರುಳಿ ಹೋಗುವುದಿಲ್ಲ. ಒಂದು ನೆಗೆತ, ಆಮೇಲೆ ಬಹಳ ಹೊತ್ತಿನ ವಿಶ್ರಾಂತಿ, ಮತ್ತೆ ಇನ್ನೊಂದು ನೆಗೆತ. ಅಕ್ಕಪಕ್ಕದ ಎರಡು ಸಮಾನ ಗಾತ್ರದ ಕಲ್ಲುಗಳಲ್ಲಿ ಒಂದು ಎದ್ದು ಹೋದರೆ ಇನ್ನೊಂದು ಕೂತೇ ಇರಬಹುದು. ಯಾವುದು ಯಾವಾಗ ಏಳುತ್ತದೆ ಎಂದು ಹೇಳುವುದು ಆಗದ ಕೆಲಸ. ಏಳುವ ಸಂಭವ ಎಷ್ಟು ಎಂದು ಹೇಳಬಹುದು. 1936ರ ಅವರ ಡಾಕ್ಟರೇಟ್ ಪ್ರಬಂಧದ ಸಾರ ಇದು.

ಆಕಸ್ಮಿಕವನ್ನು ಅಪ್ಪ ಕೊನೆಯವರೆಗೂ ಒಪ್ಪಲಿಲ್ಲ, ಮಗ ಅದರ ಮೇಲೇ ಶಾಸ್ತ್ರ ಕಟ್ಟಿದರು ಎಂದು ಇಬ್ಬರನ್ನೂ ಎದುರುಬದುರು ನಿಲ್ಲಿಸುವುದು ಬರೆಯುವವರ ವಾಡಿಕೆ. ನನಗೆ ಅದು ಸರಿ ಕಾಣುವುದಿಲ್ಲ. ನೀರಿನಲ್ಲಿ ತೇಲುವ ಸೂಕ್ಷ್ಮ ಕಣಗಳ ಅಡ್ಡಾದಿಡ್ಡಿ ಓಡಾಟವನ್ನು 1905ರಲ್ಲಿ ಸಂಭವನೀಯತೆಯಿಂದ ಲೆಕ್ಕಕ್ಕೆ ತಂದವರು ಅಪ್ಪನೇ. ನದಿಗಳು ಏಕೆ ಬಳುಕುತ್ತವೆ ಎಂದು 1926ರಲ್ಲಿ ಒಂದು ಪುಟ್ಟ ಲೇಖನವನ್ನೂ ಬರೆದಿದ್ದರು. ಮಗ ಹಿಡಿದದ್ದು ಮನೆಯದೇ ದಾರಿ.

1938ರಲ್ಲಿ ಅಮೆರಿಕಕ್ಕೆ ಹೋದ ಹಾನ್ಸ್ ಆಲ್ಬರ್ಟ್‌ಗೆ ಕೆಲಸ ಕೊಟ್ಟದ್ದು ಅಲ್ಲಿನ ಕೃಷಿ ಇಲಾಖೆ. ಹೊಲದ ಮಣ್ಣು ಕೊಚ್ಚಿಹೋಗುವ ಚಿಂತೆ ಇದ್ದದ್ದು ಅವರಿಗೇ ತಾನೆ. 1947ರಿಂದ ಬರ್ಕ್‌ಲಿಯಲ್ಲಿ ಪಾಠ ಮಾಡಿದರು. 1950ರಲ್ಲಿ ಬಂದ ಅವರ ಪುಸ್ತಿಕೆಯನ್ನು ಈ ವಿದ್ಯೆಯವರು ಇಂದಿಗೂ ಬಿಡಿಸಿ ನೋಡುತ್ತಾರೆ. 1973ರಲ್ಲಿ ತೀರಿಕೊಂಡರು. ಕಲಿತ ವಿದ್ಯೆಯಲ್ಲೇ ದುಡಿಯುವ ಅದೃಷ್ಟ ಎಲ್ಲರಿಗೂ ಇರಲಿಲ್ಲ. ಕಣ ಕದಲುವ ಹೊಸ್ತಿಲಿಗೆ ಇಂದಿಗೂ ಬಳಕೆಯಲ್ಲಿರುವ ನಕ್ಷೆ ಕೊಟ್ಟ ಆಲ್ಬರ್ಟ್ ಶೀಲ್ಡ್ಸ್ ಕೂಡ 1936ರಲ್ಲೇ ಬರ್ಲಿನ್‌ನಲ್ಲಿ ಪ್ರಬಂಧ ಮುಗಿಸಿದವರು. ತವರು ಅಮೆರಿಕಕ್ಕೆ ಮರಳಿದ ಮೇಲೆ ಈ ವಿದ್ಯೆಯಲ್ಲಿ ಕೆಲಸ ಸಿಗದೆ ರಟ್ಟಿನ ಪೆಟ್ಟಿಗೆ ತಯಾರಿಸುವ ಯಂತ್ರಗಳ ವಿನ್ಯಾಸದಲ್ಲಿ ಬಾಳು ಕಳೆದರು.

ಜನರಿಗಿರುವಂತೆ ಪ್ರತಿ ಸೂತ್ರಕ್ಕೂ ಒಂದು ಹುಟ್ಟೂರಿದೆ. ಮೇಯರ್-ಪೀಟರ್ ಮತ್ತು ಮ್ಯೂಲರ್ 1948ರಲ್ಲಿ ಕೊಟ್ಟದ್ದು ಆಲ್ಪ್ಸ್ ನದಿಗಳ ಜಲ್ಲಿಗಾಗಿ ಹುಟ್ಟಿದ ಸೂತ್ರ. ನಮ್ಮ ನೀರಾವರಿ ಎಂಜಿನಿಯರುಗಳು ಬಾಯಿಪಾಠ ಮಾಡಿದ ಕೆನಡಿ, ಲೇಸಿ ಸೂತ್ರಗಳು ಬ್ರಿಟಿಷರ ಕಾಲದ ಉತ್ತರ ಭಾರತದ ಕಾಲುವೆಗಳ ನುಣ್ಣನೆಯ ಮರಳಿನಿಂದ ಬಂದವು. ಕೆನಡಿ 1895ರಲ್ಲಿ ಅಳೆದದ್ದು ಪಂಜಾಬಿನ ಅಪ್ಪರ್ ಬಾರಿ ದೋಆಬ್ ಕಾಲುವೆಯನ್ನು. ಇಂದು ಲ್ಯಾಪ್‌ಟಾಪಿನಲ್ಲಿ ಹೆಕ್-ರಾಸ್ ಎಂಬ ನದಿ ಮಾದರಿಯ ತಂತ್ರಾಂಶ ತೆರೆದರೆ ಇಂಥ ಹಲವು ಸೂತ್ರಗಳು ಹೋಟೆಲಿನ ತಿಂಡಿ ಪಟ್ಟಿಯಂತೆ ಸಾಲಾಗಿ ಕಾಣುತ್ತವೆ, ಒಂದನ್ನು ಒತ್ತಿದರೆ ಸಾಕು. ಅದೇ ನದಿ, ಅದೇ ನೀರು, ಅದೇ ಮರಳು ಕೊಟ್ಟು ಸೂತ್ರ ಮಾತ್ರ ಬದಲಿಸಿ ನೋಡಿ: ಉತ್ತರ ಎರಡು ಪಟ್ಟು, ಕೆಲವೊಮ್ಮೆ ಹತ್ತು ಪಟ್ಟು ವ್ಯತ್ಯಾಸವಾಗುತ್ತದೆ. ಆದ್ದರಿಂದಲೇ ಹೂಳಿನ ಮಾದರಿ ಕಟ್ಟುವವರು ಯಾವ ತಂತ್ರಾಂಶ ಬಲ್ಲರು ಎಂಬುದಕ್ಕಿಂತ ಯಾವ ನದಿಯ ದಡದಲ್ಲಿ ಕೆಲಸ ಕಲಿತರು ಎಂದು ಕೇಳುವುದು ಮೇಲು.

ಸೂತ್ರವಷ್ಟೇ ಅಲ್ಲ, ಅಳತೆಯೂ ಉತ್ತರ ಬದಲಿಸುತ್ತದೆ. ಹೊಸಪೇಟೆ ಬಳಿಯ ನಮ್ಮ ತುಂಗಭದ್ರಾ ಜಲಾಶಯಕ್ಕೆ ಬನ್ನಿ. 1953ರಲ್ಲಿ ಅದು ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು. 2008ರ ಸಮೀಕ್ಷೆಯಲ್ಲಿ ಸಿಕ್ಕ ಅಂಕಿ ಸುಮಾರು 101. 2016ರಲ್ಲಿ ಮತ್ತೆ ಅಳೆದಾಗ 105.8! ಎಂಟು ವರ್ಷಗಳಲ್ಲಿ ಐದು ಟಿಎಂಸಿಯಷ್ಟು ಹೂಳು ಯಾರೂ ಎತ್ತಿರಲಿಲ್ಲ. ಕದಲಿದ್ದು ಅಳತೆ, ಹೂಳಲ್ಲ. ಮೂರು ರಾಜ್ಯಗಳು ಹನಿ ಹನಿಗೂ ಜಗಳವಾಡುವ ನೀರಿನ ಲೆಕ್ಕ ಇಂಥ ಅಂಕಿಗಳ ಮೇಲೆ ನಿಂತಿದೆ.

ಹೂಳೆತ್ತಿ ಎಂಬ ಕೂಗು ಪ್ರತಿ ಬೇಸಿಗೆಯಲ್ಲೂ ಏಳುತ್ತದೆ. ಲೆಕ್ಕ ಹಾಕೋಣ. 63 ವರ್ಷಗಳಲ್ಲಿ 27 ಟಿಎಂಸಿ ಎಂದರೆ ಸರಾಸರಿ ವರ್ಷಕ್ಕೆ 1.2 ಕೋಟಿ ಘನ ಮೀಟರ್. ಒಂದು ಟಿಪ್ಪರಿಗೆ ಹತ್ತು ಘನ ಮೀಟರ್ ಹಿಡಿದರೆ 12 ಲಕ್ಷ ಲೋಡು. ಹಗಲೂ ರಾತ್ರಿ ನಿಮಿಷಕ್ಕೊಂದು ಟಿಪ್ಪರ್ ತುಂಬಿ ಕಳಿಸಿದರೂ ವರ್ಷಕ್ಕೆ ಆಗುವುದು ಐದೂಕಾಲು ಲಕ್ಷ. ಹೊಸದಾಗಿ ಬರುವುದರ ಅರ್ಧವೂ ಅಲ್ಲ, ಹಳೆಯದರ ಮಾತು ಬಿಡಿ. ದಂಡೆಯ ರೈತರು ಆ ಗೋಡನ್ನು ಹೊಲಕ್ಕೆ ಹೊತ್ತು ಹಾಕಿಕೊಂಡರೆ ಬೆಳೆಗೆ ಒಳ್ಳೆಯದು, ಹಾಕಿಕೊಳ್ಳಲಿ. ಜಲಾಶಯಕ್ಕೆ ಮಾತ್ರ ಅದರಿಂದ ಆಯಸ್ಸು ಹೆಚ್ಚುವುದಿಲ್ಲ. ನವಲಿ ಬಳಿ ಸಮತೋಲನ ಜಲಾಶಯ ಕಟ್ಟುವ ಯೋಜನೆ ಹುಟ್ಟಿಕೊಂಡದ್ದು ಈ ಲೆಕ್ಕದ ಹತಾಶೆಯಿಂದಲೇ.

ಇಲ್ಲಿ ಹಾನ್ಸ್ ಆಲ್ಬರ್ಟ್ ಮತ್ತೊಮ್ಮೆ ನೆರವಿಗೆ ಬರುತ್ತಾರೆ. ನದಿಯ ಹೊರೆಯನ್ನು ಅವರು ಎರಡಾಗಿ ಬೇರ್ಪಡಿಸಿ ನೋಡಿದರು. ಒಂದು ತಳದಲ್ಲೇ ಸಿಗುವ ಮರಳು, ಜಲ್ಲಿ. ಇದನ್ನು ಎಷ್ಟು ಒಯ್ಯುವುದೆಂದು ನಿರ್ಧರಿಸುವುದು ನೀರಿನ ವೇಗ, ಆಳ, ಇಳಿಜಾರು. ಇನ್ನೊಂದು ನೀರಿನ ಬಣ್ಣವನ್ನೇ ಬದಲಿಸುವ ಅತಿ ನುಣ್ಣನೆಯ ಮಣ್ಣು. ಇದನ್ನು ನದಿ ಎಷ್ಟು ಕೊಟ್ಟರೂ ಹೊರುತ್ತದೆ, ಆದ್ದರಿಂದ ನದಿಯ ಪಾತ್ರ ಎಷ್ಟೇ ಅಳೆದರೂ ಇದರ ಪ್ರಮಾಣ ಗೊತ್ತಾಗುವುದಿಲ್ಲ. ಅದು ಗೊತ್ತಿರುವುದು ಮೇಲಿನ ಹೊಲಗಳಿಗೆ, ಕಾಡಿಗೆ, ರಸ್ತೆ ಕಡಿದ ಗುಡ್ಡಕ್ಕೆ. ಜಲಾಶಯ ಸೇರಿದ ಕೂಡಲೇ ಮರಳು ಬಾಯಲ್ಲೇ ಕೂರುತ್ತದೆ. ಅಣೆಕಟ್ಟೆಯವರೆಗೂ ಬಂದು ನಿಧಾನವಾಗಿ ಇಳಿಯುವುದು ಈ ಗೋಡು. ಅಂದರೆ ಹೊಸಪೇಟೆಯ ಹೂಳಿನ ಪ್ರಶ್ನೆಗೆ ಉತ್ತರ ಹೊಸಪೇಟೆಯಲ್ಲಿಲ್ಲ, ವರದಾ, ಕುಮುದ್ವತಿ ಹರಿಯುವ ಹಾವೇರಿ ಕಡೆಯ ಮೆಕ್ಕೆಜೋಳದ ಹೊಲಗಳ ಬದುಗಳಲ್ಲಿದೆ. ಆ ಬದುಗಳ ಮೇಲೆ ಖರ್ಚು ಮಾಡುವ ಹಣಕ್ಕೆ ಉದ್ಘಾಟನೆಯ ಕಲ್ಲು ನೆಡಲು ಜಾಗವಿಲ್ಲ ಎಂಬುದು ಬೇರೆ ಮಾತು.

ನದಿ ಈ ಗೋಡನ್ನು ವರ್ಷವಿಡೀ ಸಮನಾಗಿ ತರುವುದೂ ಇಲ್ಲ. ಹೆಚ್ಚಿನ ಪಾಲು ಬರುವುದು ಜುಲೈ, ಆಗಸ್ಟ್‌ನ ಕೆಲವೇ ನೆರೆಯ ದಿನಗಳಲ್ಲಿ, ಅದರಲ್ಲೂ ನೀರು ಏರುವ ಹೊತ್ತಿನಲ್ಲಿ. ಆ ರಭಸದಲ್ಲಿ ಸೇತುವೆಯ ಮೇಲೆ ನಿಂತು ಬಾಟಲಿ ಇಳಿಸಿ ನೀರು ಹಿಡಿಯುವುದು ಕಷ್ಟದ, ಅಪಾಯದ ಕೆಲಸ. ನೆರೆ ಇಳಿದು ನೀರು ತಿಳಿಯಾದ ಮೇಲೆ ಹಿಡಿದ ಬಾಟಲಿಗಳಿಂದ ಎಳೆದ, ಹರಿವಿಗೂ ಹೂಳಿಗೂ ಇರುವ ಸಂಬಂಧದ ಗೆರೆ ಹೂಳನ್ನು ಕಡಿಮೆಯೇ ತೋರಿಸುತ್ತದೆ. ಹೂಳಿನ ಮಾದರಿಯ ವರದಿ ಕೈಗೆ ಬಂದರೆ ನಾನು ಬಣ್ಣದ ನಕ್ಷೆಗಳನ್ನು ಬಿಟ್ಟು ನೇರವಾಗಿ ಕೊನೆಯ ಕೋಷ್ಟಕಕ್ಕೆ ಹೋಗುತ್ತೇನೆ: ಮಾದರಿ ನೀರು ಹಿಡಿದ ತಾರೀಖುಗಳು ಯಾವುವು, ಆ ದಿನ ನದಿ ಎಷ್ಟು ತುಂಬಿತ್ತು, ಏರುತ್ತಿತ್ತೋ ಇಳಿಯುತ್ತಿತ್ತೋ. ಆ ಕೋಷ್ಟಕವೇ ಇಲ್ಲದ ವರದಿಗಳೂ ಉಂಟು. ಅವುಗಳಲ್ಲೇ ನಕ್ಷೆಗಳು ಹೆಚ್ಚು ಚೆನ್ನಾಗಿರುತ್ತವೆ.