ಕಾರಖಾನೆಯ ಸಾವಿಗೆ ನಿರ್ದೇಶಕ ಮಂಡಳಿಯೇ ಹೊಣೆ

ಕಾರಖಾನೆಯಲ್ಲಿ ಸ್ಫೋಟವಾದಾಗಲೆಲ್ಲ ನಮ್ಮ ದೇಶದಲ್ಲಿ ಒಂದೇ ವಿಧಿ ನಡೆಯುತ್ತದೆ. ಮಂತ್ರಿಗಳು ಬರುತ್ತಾರೆ, ಪರಿಹಾರ ಘೋಷಣೆಯಾಗುತ್ತದೆ, ಸಣ್ಣ ಘಟಕವಾದರೆ ಮಾಲೀಕ, ದೊಡ್ಡದಾದರೆ ಬಹುಮಟ್ಟಿಗೆ ಮ್ಯಾನೇಜರನೋ ಪಾಳಿಯ ಮೇಲ್ವಿಚಾರಕನೋ ಬಂಧಿತನಾಗುತ್ತಾನೆ. 'ಮಾನವ ದೋಷ' ಎಂದು ಬರೆದು ಪತ್ರಿಕೆಗಳು ಮುಂದಿನ ಸುದ್ದಿಗೆ ಹೊರಳುತ್ತವೆ. ಆ ಸ್ಥಾವರದ ದುರಸ್ತಿಗೆ ಎಷ್ಟು ಹಣ, ಕಾವಲಿಗೆ ಎಷ್ಟು ಜನ ಎಂಬುದನ್ನು ತೀರ್ಮಾನಿಸುವ ನಿರ್ದೇಶಕ ಮಂಡಳಿಯನ್ನು ಕೇಳುವವರು ವಿರಳ. ಕೇಳಲೇಬೇಕು ಎಂಬುದು ನನ್ನ ವಾದ.

ಹೊರನಾಡ ಕನ್ನಡಿಗರಾದ ನಮಗೆ ಇದು ದೂರದ ಮಾತಲ್ಲ. ಡೊಂಬಿವಲಿಯ ಕೈಗಾರಿಕಾ ಪ್ರದೇಶದಲ್ಲಿ 2016ರ ಮೇ 26ರಂದು ಮತ್ತು 2024ರ ಮೇ 23ರಂದು ರಾಸಾಯನಿಕ ಘಟಕಗಳು ಸಿಡಿದವು. ಎರಡು ಬಾರಿಯೂ ಹತ್ತಕ್ಕೂ ಹೆಚ್ಚು ಜನ ಸತ್ತರು. ಹೈದರಾಬಾದಿನ ಬಳಿಯ ಪಾಶಮೈಲಾರಂನಲ್ಲಿ 2025ರ ಜೂನ್ 30ರಂದು ಸಂಭವಿಸಿದ ಸ್ಫೋಟದಲ್ಲಿ 40ಕ್ಕೂ ಹೆಚ್ಚು ಮಂದಿ ಮಡಿದರು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮವರ ಮನೆಗಳೂ ಇಂಥ ಬೇಲಿಗಳ ಆಸುಪಾಸಿನಲ್ಲೇ ಇವೆ.

ಭೋಪಾಲವನ್ನೇ ನೋಡೋಣ. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಸ್ಥಾವರದ 610ನೇ ಟ್ಯಾಂಕಿನಲ್ಲಿದ್ದ ಮೀಥೈಲ್ ಐಸೊಸಯನೇಟಿಗೆ ನೀರು ಸೇರಿತು. ಸುಮಾರು 40 ಟನ್ ವಿಷ ಮಲಗಿದ್ದ ಊರನ್ನು ಆವರಿಸಿತು. ಅತೃಪ್ತ ಕಾರ್ಮಿಕನೊಬ್ಬನ ಕಿಡಿಗೇಡಿತನ ಇದು ಎಂದು ಕಂಪನಿ ವಾದಿಸಿತು. ವಾದಕ್ಕಾಗಿ ಒಪ್ಪಿಕೊಳ್ಳೋಣ. ಆದರೆ ಆ ದ್ರವವನ್ನು ತಣ್ಣಗಿಡಬೇಕಾಗಿದ್ದ ಶೀತಲೀಕರಣ ಯಂತ್ರವನ್ನು ತಿಂಗಳುಗಳ ಮೊದಲೇ ನಿಲ್ಲಿಸಿದವನು ಆ ಕಾರ್ಮಿಕನೇ? ಸೋರಿದ ಅನಿಲವನ್ನು ಉರಿಸಬೇಕಾಗಿದ್ದ ಗೋಪುರವನ್ನು, ತುಕ್ಕು ಹಿಡಿದ ಕೊಳವೆಯ ದುರಸ್ತಿ ಮುಗಿಸದೆ, ನಿಷ್ಕ್ರಿಯವಾಗಿ ಬಿಟ್ಟವನು ಅವನೇ? ಪಾಳಿಯ ಸಿಬ್ಬಂದಿಯನ್ನು 12ರಿಂದ 6ಕ್ಕೆ ಇಳಿಸಿದವನು ಅವನೇ? 1982ರಲ್ಲಿ ಕಂಪನಿಯದೇ ತಪಾಸಣಾ ತಂಡ ಅಮೆರಿಕದಿಂದ ಬಂದು ಸ್ಥಾವರದ ಅಪಾಯಗಳನ್ನು ಪಟ್ಟಿಮಾಡಿ ಕೊಟ್ಟಿತ್ತು. ಇವೆಲ್ಲ ಖರ್ಚು ಕಡಿತದ ತೀರ್ಮಾನಗಳು. ಖರ್ಚನ್ನು ಕಡಿಯುವ ಅಧಿಕಾರ ಕವಾಟ ತಿರುಗಿಸುವವನ ಕೈಯಲ್ಲಿರುವುದಿಲ್ಲ. ಭಾರತೀಯ ಕಂಪನಿಯ ಅಧ್ಯಕ್ಷರಾಗಿದ್ದ ಕೇಶುಬ್ ಮಹೀಂದ್ರ ಮೊದಲಾದವರಿಗೆ 2010ರ ಜೂನ್ 7ರಂದು ಎರಡು ವರ್ಷಗಳ ಸಜೆಯಾಯಿತು. ಅಂದೇ ಜಾಮೀನೂ ದೊರೆಯಿತು.

ಆ ದುರಂತದ ಬಳಿಕ, 1987ರಲ್ಲಿ, ಕಾರಖಾನೆ ಕಾಯಿದೆಗೆ ತಿದ್ದುಪಡಿ ಬಂತು. ಕಂಪನಿಯ ನಿರ್ದೇಶಕರಲ್ಲೊಬ್ಬರನ್ನೇ ಕಾರಖಾನೆಯ ಅಧಿಭೋಗದಾರ, ಅಂದರೆ ಕಾನೂನಿನ ಕಣ್ಣಿನಲ್ಲಿ ಹೊಣೆಗಾರ, ಎಂದು ಪರಿಗಣಿಸಬೇಕೆಂದು ವಿಧಿಸಲಾಯಿತು. ಇದನ್ನು ಪ್ರಶ್ನಿಸಿ ಉದ್ಯಮಪತಿಗಳು ಸುಪ್ರೀಂ ಕೋರ್ಟಿನವರೆಗೆ ಹೋದರು. 1996ರಲ್ಲಿ ನ್ಯಾಯಾಲಯ ಆ ವಿಧಿಯನ್ನು ಎತ್ತಿಹಿಡಿಯಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ವೃತ್ತಿ ಸುರಕ್ಷತಾ ಸಂಹಿತೆಯಲ್ಲೂ ಅದು ಉಳಿದಿದೆ, ಆದರೆ ಸ್ವತಂತ್ರ ನಿರ್ದೇಶಕರನ್ನು ಹೊರಗಿಟ್ಟು. ಹೊರಗಿನಿಂದ ಬಂದವರನ್ನು ಜೈಲಿಗೆ ಕಳಿಸುವುದು ಬೇಡವೆಂದರೆ ಒಪ್ಪುತ್ತೇನೆ. ಪ್ರಶ್ನೆ ಕೇಳುವ ಕರ್ತವ್ಯವೂ ಅವರಿಗೆ ಬೇಡವೇ?

ವರ್ಷಕ್ಕೆ ನಾಲ್ಕು ಸಭೆಗಳಿಗೆ ಬರುವ ನಿರ್ದೇಶಕನಿಗೆ ಯಾವ ಕೊಳವೆ ತುಕ್ಕು ಹಿಡಿದಿದೆಯೆಂದು ಹೇಗೆ ತಿಳಿಯಬೇಕು ಎಂದು ಕೆಲವರು ಕೇಳುತ್ತಾರೆ. ಯಾವ ವೋಚರು ಸುಳ್ಳೆಂಬುದೂ ಆತನಿಗೆ ತಿಳಿದಿರುವುದಿಲ್ಲ. ಆದರೂ ಲೆಕ್ಕಪತ್ರ ನೋಡಲು ಮಂಡಳಿಯ ಸಮಿತಿ ಕಡ್ಡಾಯ. 2013ರ ಕಂಪನಿ ಕಾಯಿದೆಯಂತೆ ಲಾಭದ ಶೇಕಡಾ 2ರಷ್ಟನ್ನು ಸಮಾಜಕಾರ್ಯಕ್ಕೆ ವ್ಯಯಿಸಬೇಕಾದ ದೊಡ್ಡ ಕಂಪನಿಗಳಲ್ಲಿ ಅದಕ್ಕೂ ಸಮಿತಿಯುಂಟು. ವಿಷದ ಟ್ಯಾಂಕನ್ನು ಕಾಯಲು ಮಂಡಳಿಯಲ್ಲಿ ಅಂಥ ಕಡ್ಡಾಯ ಸಮಿತಿಯಿಲ್ಲ. ಬೇಲಿಯಾಚೆಯ ಶಾಲೆಗೆ ಬಣ್ಣ ಬಳಿಸುವ ದಾನಕ್ಕಿರುವ ಮರ್ಯಾದೆ ಬೇಲಿಯೊಳಗಿನ ಜೀವಕ್ಕಿಲ್ಲ!

ಸುರಕ್ಷತೆಯ ಅಂಕಿಅಂಶಗಳು ಮಂಡಳಿಯ ಮುಂದೆ ಬರುವುದೇ ಇಲ್ಲವೆಂದಲ್ಲ. ಬರುವುದು ಹೆಚ್ಚಾಗಿ ಜಾರಿ ಬಿದ್ದವರ, ಕೈ ಕೊಯ್ದುಕೊಂಡವರ ಲೆಕ್ಕ. 2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಸ್ ಸಿಟಿಯ ಬಿ.ಪಿ. ತೈಲ ಶುದ್ಧೀಕರಣ ಕೇಂದ್ರ ಸಿಡಿದು 15 ಜನ ಸತ್ತರು. ಜೇಮ್ಸ್ ಬೇಕರ್ ನೇತೃತ್ವದ ಸಮಿತಿ 2007ರಲ್ಲಿ ಹೇಳಿದ್ದಿಷ್ಟು: ಸಣ್ಣಪುಟ್ಟ ಗಾಯಗಳು ಕಡಿಮೆಯಾದುದನ್ನೇ ಕಂಡು, ಸ್ಥಾವರವೂ ಸುರಕ್ಷಿತವೆಂದು ಕಂಪನಿ ತಪ್ಪಾಗಿ ಭಾವಿಸಿತು. ಶುದ್ಧೀಕರಣ ಸ್ಥಾವರದ ಸುರಕ್ಷತೆಯನ್ನು ಬಲ್ಲ ಒಬ್ಬರನ್ನು ನಿರ್ದೇಶಕ ಮಂಡಳಿಗೇ ಸೇರಿಸಿರೆಂದು ಅಲ್ಲಿಯ ರಾಸಾಯನಿಕ ಸುರಕ್ಷತಾ ಮಂಡಳಿ ಶಿಫಾರಸು ಮಾಡಿತು. ಹೆಲ್ಮೆಟ್ ಧರಿಸಿದವರ ಎಣಿಕೆಯಿಂದ ಟ್ಯಾಂಕಿನ ಒಳಗಿನ ಬಿಸಿ ತಿಳಿಯುವುದಿಲ್ಲ. 2020ರ ಮೇ 7ರಂದು ವಿಶಾಖಪಟ್ಟಣದ ಎಲ್.ಜಿ. ಪಾಲಿಮರ್ಸ್‌ನಲ್ಲಿ ಸ್ಟೈರೀನ್ ಕಾದು ಹೊರಚಿಮ್ಮಿ 12 ಜನ ಸತ್ತಾಗ ನಮಗೂ ಅದೇ ಪಾಠ ಸಿಕ್ಕಿತು.

ಆದ್ದರಿಂದ ಅಪಾಯಕಾರಿ ರಸಾಯನಗಳನ್ನು ಬಳಸುವ ಪ್ರತಿಯೊಂದು ದೊಡ್ಡ ಕಂಪನಿಯ ಮಂಡಳಿಯಲ್ಲಿ ಸ್ಥಾವರದ ಅನುಭವವುಳ್ಳ ನಿರ್ದೇಶಕರೊಬ್ಬರು ಇರಬೇಕು. ಅವರ ಅಧ್ಯಕ್ಷತೆಯಲ್ಲಿ ಸುರಕ್ಷತಾ ಸಮಿತಿ ಕಡ್ಡಾಯವಾಗಬೇಕು. ಅವಧಿ ಮೀರಿದ ತಪಾಸಣೆಗಳು, ಕೆಲಸ ನಿಲ್ಲಿಸಿರುವ ಎಚ್ಚರಿಕೆ ಗಂಟೆಗಳು, ಸಂಭವಿಸಿದ ಸಣ್ಣ ಸೋರಿಕೆಗಳು, ಇವೆಲ್ಲ ವಾರ್ಷಿಕ ವರದಿಯಲ್ಲಿ ಅಚ್ಚಾಗಬೇಕು.

ನಮ್ಮ ಸಂಘದ ಬಳಗದಲ್ಲಿ ಎಂಜಿನಿಯರರಿದ್ದಾರೆ, ಲೆಕ್ಕ ಪರಿಶೋಧಕರಿದ್ದಾರೆ, ಹತ್ತಿಪ್ಪತ್ತು ಷೇರು ಇಟ್ಟುಕೊಂಡ ನಿವೃತ್ತರಿದ್ದಾರೆ. ವಾರ್ಷಿಕ ಮಹಾಸಭೆಯಲ್ಲಿ ಮಾತನಾಡುವ ಹಕ್ಕು ಒಂದೇ ಷೇರಿನ ಒಡೆಯನಿಗೂ ಇದೆ. ಲಾಭಾಂಶ ಎಷ್ಟೆಂದು ಕೇಳುವ ಮೊದಲು, ಈ ವರ್ಷ ಯಾವ ದುರಸ್ತಿಯನ್ನು ಮುಂದೂಡಿದಿರಿ, ಮುಂದೂಡಿದವರು ಯಾರು ಎಂದು ಎದ್ದು ನಿಂತು ಕೇಳೋಣ.