ಹೊಸ ಕಡತ ಯಾವುದು?

ಕಳೆದ ವರ್ಷ ರಾಜಾಜಿನಗರ ಕೈಗಾರಿಕಾ ವಸಾಹತಿನ ನಮ್ಮ ಕಕ್ಷಿದಾರರೊಬ್ಬರು ಕಳುಹಿಸಿದ ಫೋಲ್ಡರಿನಲ್ಲಿ ‘ಖರೀದಿ ಫೈನಲ್’, ‘ಖರೀದಿ ಫೈನಲ್ ಹೊಸದು’, ‘ಖರೀದಿ ಫೈನಲ್ 2’ ಎಂಬ ಮೂರು ಕಡತಗಳಿದ್ದವು. ನಮ್ಮ ಕಚೇರಿಯ ಸಹಾಯಕರು ‘ಹೊಸದು’ ಎಂಬುದನ್ನೇ ನಂಬಿದರು. ಅದು ಹಳೆಯದಾಗಿತ್ತು. ಸಲ್ಲಿಸಿದ ಜಿಎಸ್‌ಟಿಆರ್-3ಬಿ ನಮೂನೆಯನ್ನು ಪರಿಷ್ಕರಿಸಲು ಅವಕಾಶವಿಲ್ಲ. ಬಿಟ್ಟುಹೋದ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಮರುತಿಂಗಳು ದೊರೆಯಿತಾದರೂ, ಅಷ್ಟು ಹಣವನ್ನು ಅವರು ಆ ತಿಂಗಳು ಕೈಯಿಂದ ಕಟ್ಟಬೇಕಾಯಿತು. ತಪ್ಪಿನಲ್ಲಿ ನಮ್ಮ ಪಾಲೂ ಇದೆ.

ಈ ಆಯ್ಕೆಯನ್ನು ಗಣಕಯಂತ್ರಕ್ಕೇ ವಹಿಸಬಹುದು. ವಿಂಡೋಸ್‌ನಲ್ಲಿ ‘ಡಿಐಆರ್ /ಓ-ಡಿ’ ಎಂಬ ಆದೇಶವು ಕೊನೆಯದಾಗಿ ಬದಲಾದ ಕಡತವನ್ನು ಮೊದಲು ತೋರಿಸುತ್ತದೆ. ನಾಲ್ಕಾರು ಸಾಲಿನ ಬ್ಯಾಚ್ ಕಡತವೊಂದು ಅದನ್ನೇ ಆರಿಸಿ ಪೆನ್‌ಡ್ರೈವಿಗೆ ನಕಲಿಸಬಲ್ಲದು. ಇದಕ್ಕೆ ತಂತ್ರಾಂಶ ಕೊಳ್ಳಬೇಕಾಗಿಲ್ಲ.

ಆದರೆ ಹಳೆಯ ಕಡತವನ್ನು ಯಾರಾದರೂ ತೆರೆದು ಸೇವ್ ಮಾಡಿದರೆ ಯಂತ್ರದ ಲೆಕ್ಕಕ್ಕೆ ಅದೇ ಹೊಸದು! ಆದ್ದರಿಂದ ಕಡತದ ಹೆಸರಿನಲ್ಲಿಯೇ ದಿನಾಂಕವಿರಲಿ, ಅದರಲ್ಲಿ ವರ್ಷವು ಮೊದಲು ಬರಲಿ: ‘ಖರೀದಿ 2025-08-01’. ನಮ್ಮ ರೂಢಿಯಂತೆ ದಿನವನ್ನು ಮೊದಲು ಬರೆದರೆ, ಹೆಸರಿನ ಕ್ರಮದಲ್ಲಿ 31-07-2025 ಎಂಬುದು 01-08-2025ರ ನಂತರ ನಿಂತು ಹೊಸದೆಂದು ತೋರುತ್ತದೆ. ಹೀಗೆ ಹೆಸರಿಟ್ಟ ಮೇಲೆ ‘/ಓ-ಎನ್’ ಎಂದು ಹೆಸರಿನ ಇಳಿಕೆಯ ಕ್ರಮದಲ್ಲಿ ಆರಿಸುವುದೇ ಕ್ಷೇಮವೆಂದು ನನ್ನ ಅಭಿಪ್ರಾಯ.

ಕಂಪನಿಯಾಗಿ ನೋಂದಾಯಿತರಾದ ಸದಸ್ಯರು 2022ರ ಆಗಸ್ಟ್ ತಿದ್ದುಪಡಿಯ ಪ್ರಕಾರ ಲೆಕ್ಕಪುಸ್ತಕಗಳ ಬ್ಯಾಕಪ್ಪನ್ನು ಭಾರತದಲ್ಲಿರುವ ಸರ್ವರಿನಲ್ಲಿ ಪ್ರತಿದಿನವೂ ಇಡತಕ್ಕದ್ದು. ವರ್ಷಕ್ಕೆ 365 ಕಡತಗಳಾದವು. ಅವುಗಳಲ್ಲಿ ಕೊನೆಯದನ್ನು ಕಣ್ಣಳತೆಯಿಂದ ಹುಡುಕುವ ಕೆಲಸವನ್ನು ಗುಮಾಸ್ತರಿಗೆ, ಅದೂ ಕಡೆಯ ದಿನದ ಸಂಜೆ, ಒಪ್ಪಿಸುವುದು ನ್ಯಾಯವಲ್ಲ.